ಹುಳಿ ಮತ್ತು ಅಮಲು

ಹುಳಿ ಬಂದ ಹಿಟ್ಟನ್ನು ನಾವು ಅಡುಗೆಮನೆಯಲ್ಲಿ ಇಡುತ್ತೇವೆ. ಅಮಲು ಬರಿಸುವ ರಸವನ್ನು ಮನೆಯ ಹೊರಗೆ ಇಡುತ್ತೇವೆ. ಎರಡೂ ಹುಟ್ಟುವುದು ಧಾನ್ಯ, ನೀರು ಮತ್ತು ಕಣ್ಣಿಗೆ ಕಾಣದ ಜೀವಿಗಳ ಕೂಟದಿಂದಲೇ. ಹಾಗಿದ್ದರೆ ಇವುಗಳ ನಡುವೆ ಗೆರೆ ಎಳೆದವರು ಯಾರು? ಆ ಗೆರೆ ಪಾತ್ರೆಯೊಳಗಿದೆಯೆ, ಕುಡಿಯುವವನ ಮನಸ್ಸಿನಲ್ಲಿದೆಯೆ, ಸರಕಾರದ ಪುಸ್ತಕದಲ್ಲಿದೆಯೆ? ಅರುವತ್ತು ದಾಟಿದ ನನ್ನ ಮುಂದೆ ಈ ಪ್ರಶ್ನೆ ಬಂದು ಕುಳಿತದ್ದು ಇಚಲಕರಂಜಿಯ ಒಂದು ಅಡುಗೆಮನೆಯಲ್ಲಿ.

ನನ್ನ ತಂಗಿಯನ್ನು ಕೊಟ್ಟದ್ದು ಆ ಊರಿಗೆ. ನಮ್ಮ ಕರಾವಳಿಯಿಂದ ಘಟ್ಟ ಹತ್ತಿ ಹೋಗಿ ಹೋಟೆಲು ಇಟ್ಟವರ ಮನೆ. ಊರು ಮಗ್ಗದ್ದು, ವಿದ್ಯುತ್ ಮಗ್ಗಗಳ ಖಟಖಟ ಸದ್ದಿನಲ್ಲೇ ಅಲ್ಲಿಯವರಿಗೆ ನಿದ್ದೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ಮರಾಠಿ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮರಾಠಿಯ ಜಾಗದಲ್ಲಿ ಮಲೆಯಾಳವನ್ನು ಇಟ್ಟುಕೊಂಡರಾಯಿತು.

ಕಳೆದ ಚಳಿಗಾಲದಲ್ಲಿ ಹೋಗಿದ್ದಾಗ, ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ, ಮುಚ್ಚಳಕ್ಕೆ ಕೊಳವೆ ಸಿಕ್ಕಿಸಿದ ದೊಡ್ಡದೊಂದು ಪಾತ್ರೆ ಕಂಡಿತು. ಸೋದರಳಿಯ, ಬಟ್ಟೆ ಗಿರಣಿಯಲ್ಲಿ ಇಂಜಿನಿಯರು, ಹೆಮ್ಮೆಯಿಂದ ಹೇಳಿದ: "ಮಾವ, ಇದು ಪೇಲ್ ಏಲ್. ಬಿಯರಿನ ಒಂದು ಜಾತಿ. ಅಂಗಡಿಯದ್ದಲ್ಲ, ಕಾಳಿನಿಂದ ನಾನೇ ಮಾಡಿದ್ದು."

ಮಾಡುವ ಕ್ರಮವನ್ನೂ ವಿವರಿಸಿದ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಹದವಾದ ಬಿಸಿಯಲ್ಲಿ ಒಣಗಿಸಿದ್ದು ಮಾಲ್ಟ್. ನಮ್ಮ ಮನೆಗಳಲ್ಲಿ ಮಗುವಿನ ಮಣ್ಣಿಗೆಂದು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವುದಿಲ್ಲವೆ, ಹಾಗೆಯೇ. ಕಾಳು ಕಪ್ಪಾಗದಂತೆ ಒಣಗಿಸುವುದರಿಂದ ಪಾನೀಯಕ್ಕೂ ತಿಳಿ ಬಣ್ಣ. 'ಪೇಲ್' ಎಂಬ ಹೆಸರು ಬಂದದ್ದು ಅದರಿಂದ. ಈ ಕಾಳನ್ನು ತರಿಯಾಗಿ ಒಡೆದು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಂದಿಗೆ ಮತ್ತೊಂದು ಗಂಟೆ ಕುದಿಸಬೇಕು. ಆ ಹೂವಿನದ್ದು ಕಹಿ, ಆದರೆ ರಸ ಕೆಡದಂತೆ ಕಾಯುವುದೂ ಆ ಕಹಿಯೇ. ಆಮೇಲೆ ಆರಿಸಿ ಯೀಸ್ಟ್ ಹಾಕಿ 18ರಿಂದ 20 ಡಿಗ್ರಿಯಲ್ಲಿ ಹತ್ತು ಹದಿನೈದು ದಿನ ಬಿಡುವುದು. ಆ ಊರಿನ ಬೇಸಗೆಯಲ್ಲಿ ಇದು ಆಗುವ ಮಾತಲ್ಲ. ಚಳಿಗಾಲದಲ್ಲೂ ಹುಡುಗ ಪಾತ್ರೆಗೆ ಒದ್ದೆ ಗೋಣಿ ಸುತ್ತಿದ್ದ. ಕೊಳವೆಯಿಂದ ಗುಳುಗುಳು ಗಾಳಿ ಹೊರಡುತ್ತಿತ್ತು. ಕೊನೆಗೆ ಚಿಟಿಕೆ ಸಕ್ಕರೆ ಹಾಕಿ ಬಾಟಲಿಗೆ ತುಂಬಿ ಎರಡು ವಾರ ಕಾಯಬೇಕು. ಮದ್ಯಸಾರ ನೂರಕ್ಕೆ ಐದರಷ್ಟು.

ಚರಿತ್ರೆಯನ್ನೂ ಅವನು ಬಿಡಲಿಲ್ಲ. 18ನೆಯ ಶತಮಾನದ ಕೊನೆಗೆ ಲಂಡನ್ನಿನ ಹಾಡ್ಜ್‌ಸನ್ ಮನೆತನದವರು ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಪೇಲ್ ಏಲ್ ಪೀಪಾಯಿಗಳನ್ನು ನಮ್ಮ ದೇಶಕ್ಕೆ ಕಳುಹಿಸುತ್ತಿದ್ದರು. ಇಲ್ಲಿಯ ಸೆಕೆಯಲ್ಲಿ ಬೇಯುತ್ತಿದ್ದ ದೊರೆಗಳಿಗಾಗಿ ಬಂದ ಪಾನೀಯ ಈಗ ಮಗ್ಗದ ಊರಿನ ಉಪ್ಪಿನಕಾಯಿ ಭರಣಿಯ ನೆರೆಗೆ ಬಂದು ಕುಳಿತಿತ್ತು.

ತಂಗಿಗೆ ಇದು ಹಿಡಿಸಿರಲಿಲ್ಲ. ಅವನ ವಾದ ಗಟ್ಟಿಯಾಗಿತ್ತು. "ಅಮ್ಮ, ನಿನ್ನ ಇಡ್ಲಿ ಹಿಟ್ಟು ಉಬ್ಬುವುದು ಹೇಗೆ? ಕೊಲ್ಲಾಪುರದಲ್ಲಿ ದೇವಿಗೆ ಕೊಡುವುದೇನು?" ಮಾತು ಸುಳ್ಳಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಭಕ್ತರು ಕೊಲ್ಲಾಪುರದ ರೇಣುಕಾ ದೇವಾಲಯದಲ್ಲಿ ನಡೆಸುವ ಜಾತ್ರೆಗೆ ಆಂಬೀಲ್ ಯಾತ್ರೆ ಎಂದೇ ಹೆಸರು. ಹುಳಿಹಿಡಿದ ಹಿಟ್ಟಿನ ಆಂಬೀಲೇ ಅಲ್ಲಿ ನೈವೇದ್ಯ. ನಮ್ಮ ಅಂಬಲಿ, ಅವರ ಆಂಬೀಲ್. ಗಡಿ ಮನುಷ್ಯರ ನಡುವೆ ಇದೆ, ಗಡಿಗೆಯೊಳಗೆ ಇಲ್ಲ. ಹುಳಿಗೆ ದೇವರ ಒಪ್ಪಿಗೆಯಿದ್ದರೆ ಎರಡು ಹೆಜ್ಜೆ ಮುಂದಿನ ಅಮಲಿಗೆ ಏಕಿಲ್ಲ ಎಂಬುದು ಅವನ ಪ್ರಶ್ನೆ.

ನನ್ನನ್ನು ಪಂಚಾಯತಿಕೆಗೆ ಕೂರಿಸಿದರು. ಪಂಚನಾದವನು ರುಚಿ ನೋಡದೆ ತೀರ್ಪು ಹೇಳಬಾರದೆಂದು ಅಳಿಯ ಅರ್ಧ ಲೋಟ ಕೊಟ್ಟ. ಕುಡಿದೆ. ಸುಳ್ಳು ಹೇಳಲಾರೆ, ಚೆನ್ನಾಗಿತ್ತು. ಮಿತದಲ್ಲಿದ್ದರೆ, ಮಾರಾಟಕ್ಕಿಳಿಯದಿದ್ದರೆ ದೋಷವಿಲ್ಲ ಎಂದು ತೀರ್ಪನ್ನೂ ಕೊಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಆ ದೊಡ್ಡ ಪಾತ್ರೆಯ ಮುಂದೆ ನಿಂತುಬಿಟ್ಟಳು. ಗಡಹಿಂಗ್ಲಜ ತಾಲೂಕಿನ ಕನ್ನಡ ಮಾತಿನ ಹಳ್ಳಿಯವಳು.

"ಅಕ್ಕಾರ, ಉಳದ ಭಾಂಡೆ ಎಲ್ಲಾ ತಿಕ್ಕತೀನ್ರಿ. ಇದೊಂದು ನನಗ ಹೇಳಬ್ಯಾಡ್ರಿ."

"ಮೌಶಿ, ಇದು ದಾರೂ ಅಲ್ಲ. ಭಟ್ಟಿ ಇಳಿಸಿದ್ದಲ್ಲ. ಬರೇ ಕಾಳಿನ ನೀರು" ಎಂದ ಅಳಿಯ.

"ಇರಬಹುದ್ರಿ. ನೀವು ಶಾಣ್ಯಾ ಮಂದಿ. ಆದ್ರ ವಾಸನಿ ಅದ ಐತಿ."

ತಂಗಿ ಚಹಾ ಕೊಟ್ಟು ಕೂರಿಸಿದಾಗ ಉಳಿದದ್ದು ತಿಳಿಯಿತು. ಗಂಡ ಮಗ್ಗದ ಕೆಲಸದವ. ಕುಡಿದು ಕುಡಿದೇ ಹೋದ. ಊರಿನಲ್ಲಿದ್ದ ಅತ್ತೆ ಹೊಟ್ಟೆಪಾಡಿಗೆ ಕಪ್ಪು ಬೆಲ್ಲ, ನವಸಾಗರ ಕೊಳೆಹಾಕಿ ಭಟ್ಟಿ ಇಳಿಸುತ್ತಿದ್ದವಳು. ಆ ಸೀಮೆಯ ಬೆಲ್ಲಕ್ಕೆ ದೇಶವೆಲ್ಲ ಹೆಸರು. ಅದರದ್ದೇ ಕೊನೆಯ ಕಪ್ಪು ದರ್ಜೆಗೆ ಈ ಗತಿ. ಊರಿನಲ್ಲಿ ಪರವಾನಿಗೆಯ ಅಂಗಡಿ ಮುಚ್ಚಬೇಕೋ ಬೇಡವೋ ಎಂದು ಮತದಾನವಾದಾಗ ಇವಳು ಸಾಲಿನಲ್ಲಿ ನಿಂತು ಮತ ಹಾಕಿ ಬಂದಿದ್ದಳು. ಮಹಾರಾಷ್ಟ್ರದಲ್ಲಿ ಹೀಗೊಂದು ನಿಯಮವಿದೆ: ಚೀಟಿಯಲ್ಲಿ ಎರಡು ಚಿತ್ರ, ಒಂದು ನಿಂತ ಬಾಟಲಿ, ಒಂದು ಅಡ್ಡ ಮಲಗಿಸಿದ ಬಾಟಲಿ. ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಮುಚ್ಚಬೇಕು. ಇವಳು ಬಾಟಲಿಯನ್ನು ಮಲಗಿಸಿದವಳು.

ಚಹಾ ಕುಡಿದು ಏಳುವಾಗ ಅವಳು ಹೇಳಿದ ಮಾತು ನನಗೆ ಇಂದಿಗೂ ಮರೆಯದು. "ನಮ್ಮತ್ತಿ ಮಾಡಿದಾಗ ಗಡಿಗಿ ಒಡದು ಕರಕೊಂಡು ಹೋದ್ರು. ನಿಮ್ಮ ಮನಿಗೆ ಯಾರೂ ಬರಂಗಿಲ್ಲ, ಬರಲೂಬಾರದು. ಆದ್ರ ಈ ಭಾಂಡೆ ನಾ ತಿಕ್ಕಂಗಿಲ್ರಿ."

ನನ್ನ ತೀರ್ಪು ಅಲ್ಲಿಗೆ ಮುರಿಯಿತು. ಮಿತ, ರುಚಿ, ಮದ್ಯಸಾರದ ಪ್ರಮಾಣ ಎಲ್ಲವನ್ನೂ ನಾನು ತೂಗಿದ್ದೆ. ಕಾನೂನನ್ನು ನೆನೆದೇ ಇರಲಿಲ್ಲ, ನೆನೆಯುವ ಅಗತ್ಯ ನನ್ನಂಥವನಿಗೆ ಎಂದೂ ಬಿದ್ದಿರಲಿಲ್ಲ. 1949ರ ಮುಂಬಯಿ ಪಾನನಿಷೇಧ ಕಾಯಿದೆ ಈಗ ಮಹಾರಾಷ್ಟ್ರದ ಹೆಸರಿನಲ್ಲಿ ಜೀವಂತವಾಗಿದೆ. ಅದರ ವ್ಯಾಖ್ಯೆಯಲ್ಲಿ ಬಿಯರೂ ಮದ್ಯವೇ. ಲೈಸೆನ್ಸಿಲ್ಲದೆ ತಯಾರಿಸುವುದು ಅಪರಾಧ. 1951ರಲ್ಲಿ ಬಲಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮದ್ಯಸಾರವಿರುವ ಔಷಧಿ ಮತ್ತು ಶೃಂಗಾರದ್ರವ್ಯಗಳನ್ನು ನಿಷೇಧದಿಂದ ಬಿಡಿಸಿತು, ಕುಡಿಯುವ ಮದ್ಯವನ್ನು ನಿಷೇಧಿಸುವ ಸರಕಾರದ ಅಧಿಕಾರವನ್ನು ಎತ್ತಿಹಿಡಿಯಿತು. ಪುಸ್ತಕದಲ್ಲಿ ಅಳಿಯನ ಪಾತ್ರೆಗೂ ಆ ಮುದುಕಿಯ ಗಡಿಗೆಗೂ ಭೇದವಿಲ್ಲ. ಭೇದ ಮಾಡಿದವರು ನಾವು. ಒಂದಕ್ಕೆ 'ಹವ್ಯಾಸ' ಎಂದೆವು, ಇನ್ನೊಂದಕ್ಕೆ 'ಕಳ್ಳಭಟ್ಟಿ' ಎಂದೆವು.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಭಟ್ಟಿ ಇಳಿಸಿದ ಸಾರಾಯಿಯ ಬಲ ಬೇರೆ, ಅಪಾಯ ಬೇರೆ. ಅದನ್ನು ಕುಡಿದು ಸತ್ತವರ ಹೆಂಡಂದಿರಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅಳಿಯನ ಪಾತ್ರೆಯನ್ನು ಕಾಪಾಡುತ್ತಿರುವುದು ಈ ಭೇದವಲ್ಲ. ಅವನನ್ನು ಕಾಪಾಡುತ್ತಿರುವುದು ಅವನ ಮನೆಯ ಬಾಗಿಲು.

ನಮ್ಮ ನೆಲದ ಇಬ್ಬರು ನೆನಪಾದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಹೆಂಡ ಮಾರುವುದು ಅವರ ಕಾಯಕ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದ ಅವರನ್ನು ಜನ ಇಂದಿಗೂ ನೆನೆಯುವುದು ಆ ಕಾಯಕದ ಹೆಸರಿನಿಂದಲೇ. ಎಂಟು ಶತಮಾನಗಳ ಬಳಿಕ ಶ್ರೀ ನಾರಾಯಣ ಗುರುಗಳು ಮದ್ಯವನ್ನು ವಿಷವೆಂದು ಕರೆದು ಅದನ್ನು ಮಾಡಲೂಬಾರದು, ಕೊಡಲೂಬಾರದು, ಕುಡಿಯಲೂಬಾರದು ಎಂದರು. ಕಳ್ಳು ಇಳಿಸುವುದನ್ನು ಕುಲವೃತ್ತಿಯಾಗಿ ಮಾಡುತ್ತಿದ್ದ ತಮ್ಮವರಿಗೇ ಮೊದಲು ಹೇಳಿದ ಮಾತು ಅದು. ಇವರಿಬ್ಬರ ದಾರಿ ಬೇರೆ ಬೇರೆ. ಆದರೂ ತನಗೊಂದು, ಲೋಕಕ್ಕೊಂದು ಎಂಬ ರಿಯಾಯಿತಿಯನ್ನು ಇಬ್ಬರೂ ಕೇಳಲಿಲ್ಲ.

ಗೆರೆ ಎಲ್ಲಿದೆ ಎಂಬ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇಷ್ಟು. ಒಂದು ಕೆಲಸ ನಿರ್ದೋಷವೋ ಅಲ್ಲವೋ ತಿಳಿಯಬೇಕಾದರೆ ಅದರ ಪಾತ್ರೆಯನ್ನು ತೊಳೆಯುವವರ ಎದುರಿಗೆ ನಿಂತು ನೋಡಬೇಕು. ನನಗೆ ಆಟವಾದದ್ದು ಅವಳ ಮನೆಯಲ್ಲಿ ಜೈಲಾಗಿದ್ದರೆ, ಆಟ ಎಷ್ಟೇ ಸೊಗಸಾಗಿರಲಿ, ಅದರಲ್ಲಿ ನಾನು ತೆತ್ತಿಲ್ಲದ ಬೆಲೆಯೊಂದಿದೆ. 'ಅಮಲು' ಎಂಬ ಮಾತಿಗೆ ನಮ್ಮಲ್ಲೂ ಮರಾಠಿಯಲ್ಲೂ ಎರಡು ಅರ್ಥ: ಒಂದು ಮತ್ತು, ಇನ್ನೊಂದು ಅಧಿಕಾರ. ಅಮಲ್ದಾರ ಎಂಬ ಪದ ಹುಟ್ಟಿದ್ದು ಎರಡನೆಯದರಿಂದ. ಅರ್ಧ ಲೋಟದಿಂದ ನನಗೆ ಮೊದಲನೆಯದು ಏರಿರಲಿಲ್ಲ. ಏರಿದ್ದು ಎರಡನೆಯದು, ಮತ್ತು ಅದು ಏರಿದೆಯೆಂದೇ ನನಗೆ ತಿಳಿದಿರಲಿಲ್ಲ.

ಅಳಿಯ ಸುಮ್ಮನಾಗುವವನಲ್ಲ. "ನಾನು ಬಿಟ್ಟರೆ ಅವಳ ಅತ್ತೆಗೆ ನ್ಯಾಯ ಸಿಗುತ್ತದೆಯೆ ಮಾವ?" ಎಂದು ಕೇಳಿದ. ಸಿಗುವುದಿಲ್ಲ ಎಂದೆ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಅವನು ಸ್ವಲ್ಪ ಹೊತ್ತು ಕೂತಿದ್ದು, ಎದ್ದು, ಆ ಪಾತ್ರೆಯನ್ನು ಹಿತ್ತಿಲಿಗೆ ಒಯ್ದು ತಾನೇ ತೊಳೆದ. ಮಿಕ್ಕಿದ್ದ ಮಾಲ್ಟನ್ನು ತಂಗಿ ಹುಡಿಮಾಡಿ ಮಣ್ಣಿ ಕಾಸಿದಳು. ಈ ವರ್ಷ ಅವನು ಮತ್ತೆ ಮಾಡಿದನೋ ಇಲ್ಲವೋ ನಾನು ಕೇಳಿಲ್ಲ. ನಾನು ಕುಡಿದ ಅರ್ಧ ಲೋಟದ ಲೆಕ್ಕವೇ ನನಗೆ ಸಾಕಷ್ಟಿದೆ.

ಊರಿಗೆ ಮರಳಿದ ಮೇಲೆ ಒಂದು ವ್ಯತ್ಯಾಸವಾಗಿದೆ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಆಗಾಗ ಎರಡು ಸಾಲಿನ ಸುದ್ದಿ ಬರುತ್ತದೆ: ಇಂಥ ಕಡೆ ಅಬಕಾರಿ ದಾಳಿ, ಇಷ್ಟು ಲೀಟರ್ ಹುಳಿರಸ ವಶ. ಮೊದಲೆಲ್ಲ ಅದನ್ನು ದಾಟಿ ಮುಂದಿನ ಸುದ್ದಿಗೆ ಹೋಗುತ್ತಿದ್ದೆ. ಈಗ ನಿಲ್ಲುತ್ತೇನೆ. ಆ ಗಡಿಗೆಯನ್ನು ತೊಳೆಯುತ್ತಿದ್ದವರು ಯಾರಿರಬಹುದು ಎಂದು ಯೋಚಿಸುತ್ತೇನೆ.