ತೊಟ್ಟಿಲ ಖರ್ಚು ಯಾರ ಲೆಕ್ಕದಲ್ಲಿ?



ಕೂಸಿನ ಬಲಗಿವಿಯಲ್ಲಿ ಅದಾನ್ ಹೇಳಿ, ಅಲ್‌ಹಮ್ದುಲಿಲ್ಲಾಹ್ ಎಂದು ಅದನ್ನು ಅಜ್ಜಿಯ ಕೈಗೆ ಒಪ್ಪಿಸಿ ಹೊರಬಂದ ತಂದೆಯೊಡನೆ ಇಂದು ಸ್ವಲ್ಪ ಲೆಕ್ಕದ ಮಾತು ಆಡಬೇಕಾಗಿದೆ. ಸಂತೋಷದ ಹೊತ್ತಿನಲ್ಲಿ ಲೆಕ್ಕವೇಕೆ ಎನ್ನಬೇಡಿ. ನಮಾಝಿನ ರಕಅತ್‌ಗಳನ್ನು ಎಣಿಸುವ, ಝಕಾತನ್ನು ಪೈಸೆ ಪೈಸೆಯಾಗಿ ಲೆಕ್ಕ ಹಾಕುವ ಸಮುದಾಯ ನಮ್ಮದು. ಮಗುವಿನ ಹಾಲಿನ ಲೆಕ್ಕ ಬರೆಯಲು ಮಾತ್ರ ನಾಚಿಕೆಪಡುವುದೇಕೆ?

ಕೆಲವು ತಿಂಗಳ ಹಿಂದೆ ಇಶಾ ನಮಾಝ್ ಮುಗಿಸಿ ಹೊರಟಾಗ ಒಬ್ಬ ಯುವಕ ಮಸೀದಿಯ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತಿದ್ದ. ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಬಳ 18,000 ರೂಪಾಯಿ. ಮಗುವಿಗೆ ಮೂರು ತಿಂಗಳು ತುಂಬಿತ್ತು. 7ನೇ ದಿನದ ಅಕೀಕಕ್ಕೆ ಊರಿಗೆಲ್ಲ ಊಟ ಹಾಕಿಸಿದ್ದ. ಅದಕ್ಕಾಗಿ ಹೆಂಡತಿಯ ಬಳೆಗಳನ್ನು ಅಡವಿಟ್ಟು ಬಡ್ಡಿಗೆ 70,000 ತಂದಿದ್ದ. ಈಗ ಪುಡಿಹಾಲಿನ ಡಬ್ಬಕ್ಕೆ ಪರದಾಟ. ಹೆಂಡತಿ ಇನ್ನೂ ತವರಿನಲ್ಲಿಯೇ ಇದ್ದಾಳೆ. ಅಲ್ಲಿಯೂ ಕೈ ಬರಿದು. ತಲೆ ತಗ್ಗಿಸಿಕೊಂಡೇ ಅವನು ಕೇಳಿದ: “ಮಗು ತನ್ನ ರಿಝ್ಕನ್ನು ತಂದೇ ಬರುತ್ತದೆ ಎಂದು ನೀವೇ ಜುಮುಅಃದಲ್ಲಿ ಹೇಳಿದ್ದಿರಿ, ಉಸ್ತಾದರೇ. ನನ್ನ ಮಗುವಿನದ್ದು ಎಲ್ಲಿ ಹೋಯಿತು?”

ನಾನು ತಕ್ಷಣ ಉತ್ತರಿಸಲಿಲ್ಲ. ಮಾತು ನನ್ನದೇ ಆಗಿತ್ತು. ಮಿಂಬರಿನ ಮೇಲೆ ನಿಂತು ಅದನ್ನು ಅರ್ಧಕ್ಕೇ ನಿಲ್ಲಿಸಿದವನೂ ನಾನೇ. ಉಳಿದರ್ಧವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಬಡತನಕ್ಕಾಗಿ ಮಕ್ಕಳನ್ನು ಕೊಲ್ಲಬೇಡಿರೆಂದು ಪವಿತ್ರ ಕುರ್‌ಆನ್ ಎರಡು ಕಡೆ ಎಚ್ಚರಿಸಿದೆ. ಅಲ್‌ಅನ್‌ಆಮ್ ಅಧ್ಯಾಯದ 151ನೇ ಸೂಕ್ತದಲ್ಲಿ ಈಗಾಗಲೇ ಬಡತನದಲ್ಲಿರುವವರೊಡನೆ ಮಾತು. ಅಲ್ಲಿ ಮೊದಲು ಹೆತ್ತವರ ಅನ್ನದ ಭರವಸೆ, ಅನಂತರ ಮಕ್ಕಳದ್ದು. ಬನೀ ಇಸ್ರಾಈಲ್ ಅಧ್ಯಾಯದ 31ನೇ ಸೂಕ್ತದಲ್ಲಿ ಮುಂದೆ ಬಡತನ ಬಂದೀತೆಂದು ಅಂಜುವವರೊಡನೆ ಮಾತು. ಅಲ್ಲಿ ಮೊದಲು ಮಕ್ಕಳ ಅನ್ನದ ಭರವಸೆ, ಅನಂತರ ಹೆತ್ತವರದ್ದು. ಅಲ್ಲಾಹನು ಎಷ್ಟು ಸೂಕ್ಷ್ಮವಾಗಿ ಭರವಸೆ ನೀಡಿದ್ದಾನೆ ನೋಡಿ! ಆದರೆ ಆ ಅನ್ನ ಆಕಾಶದಿಂದ ನೇರವಾಗಿ ತೊಟ್ಟಿಲಿಗೆ ಬೀಳುವುದಿಲ್ಲ. ಅದನ್ನು ಅವನು ತಂದೆಯ ಕೈಯಲ್ಲಿ ಕೊಟ್ಟು ಕಳಿಸುತ್ತಾನೆ. ಆ ಕೈ ದಾರಿಯಲ್ಲಿ ಬೇರೆಡೆ ಸುರಿದರೆ ತೊಟ್ಟಿಲಿಗೆ ತಲುಪುವುದು ಹೇಗೆ? ಆ ಯುವಕನ ಮಗುವಿನ ರಿಝ್ಕ್ ಬಂದಿತ್ತು. ಅದು ಒಂದು ಮಧ್ಯಾಹ್ನದ ಊಟದಲ್ಲಿ ಮುಗಿದುಹೋಯಿತು.

ಕೂಸಿನ ಖರ್ಚು ಎಂದಾಗ ನಮ್ಮ ಕಣ್ಣ ಮುಂದೆ ಬರುವುದೇನು? ತೊಟ್ಟಿಲು, ಸೋಪು, ಪೌಡರು, ಚಿನ್ನದ ಸರ, ಬಣ್ಣದ ಅಂಗಿ. ಕುರ್‌ಆನ್ ಲೆಕ್ಕ ಆರಂಭಿಸುವುದು ಬೇರೆಯೇ ಕಡೆಯಿಂದ. ಅಲ್‌ಬಕರಃ ಅಧ್ಯಾಯದ 233ನೇ ಸೂಕ್ತವನ್ನು ತೆರೆದು ನಿಧಾನವಾಗಿ ಓದಿರಿ. ಎರಡು ವರ್ಷಗಳ ಎದೆಹಾಲಿನ ವಿಷಯ ಹೇಳಿದ ಕೂಡಲೇ ಅದು ತಂದೆಯತ್ತ ತಿರುಗುತ್ತದೆ. ಹಾಲುಣಿಸುವ ತಾಯಿಯ ಊಟ ಮತ್ತು ಉಡುಪಿನ ಹೊಣೆಯನ್ನು ಅವನ ಮೇಲೆ ಹೊರಿಸುತ್ತದೆ. ಅದೂ ರೂಢಿಗೆ ತಕ್ಕಂತೆ, ಅವನ ಶಕ್ತಿಗೆ ತಕ್ಕಂತೆ. ಮಗುವಿನ ಕಾರಣಕ್ಕೆ ತಾಯಿಯೂ ಕಷ್ಟಕ್ಕೀಡಾಗಬಾರದು, ತಂದೆಯೂ ಕಷ್ಟಕ್ಕೀಡಾಗಬಾರದು ಎನ್ನುತ್ತದೆ. ಅವಧಿಗೆ ಮೊದಲೇ ಹಾಲು ಬಿಡಿಸುವುದಾದರೆ ಇಬ್ಬರೂ ಕೂಡಿ ಸಮಾಲೋಚಿಸಿ ತೀರ್ಮಾನಿಸಲಿ ಎನ್ನುತ್ತದೆ. ಅಂದರೆ ಮಗುವಿನ ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು ತಾಯಿಯ ತಟ್ಟೆ!

ನಮ್ಮ ಮನೆಗಳಲ್ಲಿ ಆ ತಟ್ಟೆಯ ಗತಿ ಏನಾಗಿದೆ? ಹೆರಿಗೆಯಾದ 40 ದಿನ ಬಾಣಂತಿಗೆ ಕೋಳಿ ಸಾರು, ಮೆಂತೆ ಗಂಜಿ, ಬೆಲ್ಲದ ಲೇಹ್ಯ ಎಲ್ಲವೂ ಉಂಟು. 41ನೇ ದಿನದಿಂದ ಅವಳು ಎಲ್ಲರೂ ಉಂಡ ಬಳಿಕ ತಳದಲ್ಲಿ ಉಳಿದದ್ದನ್ನು ಉಣ್ಣುವ ಸೊಸೆ. ಹಾಲು ಬೇಕಾದದ್ದು 40 ದಿನಕ್ಕಲ್ಲ. ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡವೆಂದು ಇಂದಿನ ವೈದ್ಯರು ಹೇಳುತ್ತಾರೆ. ಆ ಬಳಿಕವೂ ಇತರ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಉಣಿಸಿರಿ ಎನ್ನುತ್ತಾರೆ. ತಾಯಿಗೆ ದಿನಕ್ಕೊಂದು ಲೋಟ ಹಾಲು, ಒಂದು ಮೊಟ್ಟೆ, ಒಂದಿಷ್ಟು ಬೇಳೆ, ಸೊಪ್ಪು, ಮೀನು ಸೇರಿಸಲು ತಿಂಗಳಿಗೆ ಎಷ್ಟಾದೀತು? ನೀವೇ ಕೂಡಿಸಿ ನೋಡಿ. ಈಗ ಇನ್ನೊಂದು ಬದಿಯನ್ನೂ ಬರೆಯಿರಿ. ಮೂರು ನಾಲ್ಕು ತಿಂಗಳ ಕೂಸನ್ನು ಪುಡಿಹಾಲಿನಲ್ಲೇ ಬೆಳೆಸುವುದಾದರೆ 400 ಗ್ರಾಮಿನ ಏಳೆಂಟು ಡಬ್ಬಗಳು ತಿಂಗಳಿಗೆ ಬೇಕು. ಡಬ್ಬಕ್ಕೆ 400 ರೂಪಾಯಿ ಹಿಡಿದರೂ ಸುಮಾರು 3,000 ಆಯಿತು. ಬಾಟಲಿ, ಅದನ್ನು ಕುದಿಸುವ ಗ್ಯಾಸು, ಭೇದಿಯಾದರೆ ಡಾಕ್ಟರು ಬೇರೆ. ತಾಯಿಯ ತಟ್ಟೆಯಲ್ಲಿ ಉಳಿಸಿದ ಹಣವನ್ನು ಔಷಧದ ಅಂಗಡಿಗೆ ಕೊಟ್ಟು ಬರುವವನನ್ನು ಜಾಣನೆನ್ನಲಾದೀತೇ?

ಹಾಲು ನಿಜವಾಗಿಯೂ ಸಾಲದ ತಾಯಂದಿರಿದ್ದಾರೆ, ಕಾಯಿಲೆಯವರಿದ್ದಾರೆ. ಅವರನ್ನು ಯಾರೂ ದೂರಬಾರದು. ಅದೇ ಸೂಕ್ತವು ಬೇರೊಬ್ಬಳಿಂದ ಹಾಲುಣಿಸಲು ಅನುಮತಿ ನೀಡಿದೆ, ಆಕೆಗೆ ಸಲ್ಲಬೇಕಾದುದನ್ನು ಸಲ್ಲಿಸಿರೆಂದೂ ಹೇಳಿದೆ. ವೈದ್ಯರು ಪುಡಿಹಾಲು ಬೇಕೆಂದರೆ ಅದು ಮಗುವಿನ ಹಕ್ಕು, ತಂದೆಯ ಹೊಣೆ.

ಇಲ್ಲಿ ಹ. ಉಮರ್(ರ) ಅವರ ಜೀವನದ ಒಂದು ರಾತ್ರಿ ನೆನಪಾಗುತ್ತದೆ. ಅವರ ಆಡಳಿತಕಾಲದಲ್ಲಿ (634–644) ಜನರಿಗೆ ಬೊಕ್ಕಸದಿಂದ ವೇತನ ನಿಗದಿಯಾಗಿತ್ತು. ಮಕ್ಕಳಿಗೆ ಅದು ಸಿಗುತ್ತಿದ್ದುದು ಎದೆಹಾಲು ಬಿಟ್ಟ ಮೇಲೆ. ಮದೀನಾದ ಹೊರಗೆ ವ್ಯಾಪಾರಿಗಳ ತಂಡವೊಂದು ಬೀಡುಬಿಟ್ಟಿತ್ತು. ಕಳ್ಳರಿಂದ ಅವರನ್ನು ಕಾಯಲೆಂದು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರನ್ನು ಕರೆದುಕೊಂಡು ಖಲೀಫರೇ ಹೊರಟರು. ರಾತ್ರಿ ಒಂದು ಕೂಸು ಅಳತೊಡಗಿತು. ಉಮರ್(ರ) ತಾಯಿಯ ಬಳಿಗೆ ಹೋಗಿ ಮಗುವನ್ನು ನೋಡಿಕೊಳ್ಳಮ್ಮಾ ಎಂದು ಹೇಳಿ ಬಂದರು. ಮತ್ತೆ ಅಳು, ಮತ್ತೆ ಹೋದರು. ರಾತ್ರಿಯ ಕೊನೆಯ ಜಾವದಲ್ಲೂ ಅಳು ನಿಲ್ಲದಾಗ ಸಿಟ್ಟಿನಿಂದ ಗದರಿಸಿದರು. ಎದುರಿಗಿರುವವರು ಯಾರೆಂದರಿಯದ ಆ ತಾಯಿ ಸತ್ಯ ನುಡಿದಳು: ಎದೆಹಾಲು ಬಿಡಿಸುತ್ತಿದ್ದೇನೆ, ಮಗು ಒಪ್ಪುತ್ತಿಲ್ಲ. ಹಾಲು ಬಿಟ್ಟ ಮಗುವಿಗಷ್ಟೇ ಉಮರ್ ವೇತನ ಕೊಡುತ್ತಾರಲ್ಲ! ಮಗುವಿನ ಪ್ರಾಯ ಕೇಳಿದರೆ ಇನ್ನೂ ಕೆಲವೇ ತಿಂಗಳು.

ಅಂದಿನ ಫಜ್ರ್ ನಮಾಝಿನಲ್ಲಿ ಅವರ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಅಷ್ಟು ಅಳುತ್ತಿದ್ದರು. ತನ್ನ ಒಂದು ನಿಯಮದಿಂದ ಎಷ್ಟು ಮಕ್ಕಳ ಜೀವ ಹೋಯಿತೋ ಎಂದು ಮರುಗಿದರು. ಅಂದೇ ಡಂಗುರ ಹೊಡೆಸಿದರು. ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ವೇತನ, ಯಾರೂ ಅವಸರದಿಂದ ಹಾಲು ಬಿಡಿಸಬಾರದು. ಎಲ್ಲ ಪ್ರಾಂತಗಳಿಗೂ ಪತ್ರ ಹೋಯಿತು. ಅಷ್ಟು ದೊಡ್ಡ ಸಾಮ್ರಾಜ್ಯದ ಲೆಕ್ಕವನ್ನು ಒಂದು ಕೂಸಿನ ಅಳುವಿಗಾಗಿ ತಿದ್ದಿದ ಅವರೆಲ್ಲಿ, ಒಂದು ಮನೆಯ ಲೆಕ್ಕವನ್ನೂ ತಿದ್ದಲಾರದ ನಾವೆಲ್ಲಿ!

ಇನ್ನು ತವರಿನ ವಿಷಯ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ನಾಡಿನ ವಾಡಿಕೆ. ಹೆಣ್ಣುಮಗಳಿಗೆ ತಾಯಿಯ ಆರೈಕೆ ಸಿಗುವುದು ಒಳ್ಳೆಯದೇ. ಆದರೆ ಆಸ್ಪತ್ರೆಯ ಬಿಲ್ಲು, ಬಾಣಂತನದ ಖರ್ಚು, ಮಗುವಿಗೆ ಚಿನ್ನ, ಅಳಿಯನ ಮನೆಯವರಿಗೆ ಊಟ, ಇವೆಲ್ಲವೂ ಹುಡುಗಿಯ ತಂದೆಯ ತಲೆಗೆ ಎಂದು ಯಾವ ಶರೀಅತ್ ಹೇಳಿದೆ? ಹೆಂಡತಿ ಮತ್ತು ಎಳೆಯ ಮಕ್ಕಳ ಜೀವನಾಂಶ ಗಂಡನ ಮೇಲೆ ಕಡ್ಡಾಯ. ಅವಳು ತವರಿನಲ್ಲಿ ಮಲಗಿದ್ದಾಳೆಂಬ ಮಾತ್ರಕ್ಕೆ ಅದು ಮಾವನ ಹೆಗಲಿಗೆ ಜಾರುವುದಿಲ್ಲ. ಅಬೂ ಸುಫ್ಯಾನ್‌ರ ಪತ್ನಿ ಹಿಂದ್(ರ) ಅವರು ತನ್ನ ಗಂಡ ಜಿಪುಣನೆಂದೂ ಮನೆಗೆ ಸಾಕಾಗುವಷ್ಟು ಕೊಡುವುದಿಲ್ಲವೆಂದೂ ಪ್ರವಾದಿವರ್ಯರ(ಸ) ಬಳಿ ದೂರಿದಾಗ, ತನಗೂ ತನ್ನ ಮಕ್ಕಳಿಗೂ ರೂಢಿಯಂತೆ ಸಾಕಾಗುವಷ್ಟನ್ನು ಅವನ ಸೊತ್ತಿನಿಂದಲೇ ತೆಗೆದುಕೊಳ್ಳಲು ಅವರು ಅನುಮತಿಸಿದರೆಂದು ಬುಖಾರಿಯಲ್ಲಿದೆ. ತವರಿಗೆ ಹೋಗಿ ತರಲು ಹೇಳಲಿಲ್ಲ! ಮಾವ ಮನಸಾರೆ ಕೊಟ್ಟರೆ ಅದು ಉಡುಗೊರೆ. ಮಗಳ ಮುಖ ಬಾಡದಿರಲೆಂದು ಸಾಲ ಮಾಡಿ ಕೊಟ್ಟರೆ ಅದನ್ನು ಉಡುಗೊರೆ ಎನ್ನಲು ನನಗೆ ಧೈರ್ಯವಿಲ್ಲ.

ಇದನ್ನು ದೂರದಿಂದ ಹೇಳುತ್ತಿಲ್ಲ. ನನ್ನ ಮೊದಲ ಮಗಳು ಹುಟ್ಟಿದಾಗ ಆಸ್ಪತ್ರೆಯ ಬಿಲ್ಲನ್ನು ಮಾವನವರೇ ಕಟ್ಟಿದರು. ನಾನು ಹಣ್ಣಿನ ಚೀಲ ಹಿಡಿದು ಹೋಗಿ, ಉಂಡು, ಬಂದೆ. ಎಷ್ಟಾಯಿತೆಂದು ಬಾಯಿಮಾತಿಗೂ ಕೇಳಲಿಲ್ಲ. ಆ ಹಣಕ್ಕಾಗಿ ಅವರು ತೋಟದ ತೆಂಗಿನಕಾಯಿಯ ಎರಡು ವರ್ಷದ ಫಸಲನ್ನು ಮೊದಲೇ ಮಾರಿದ್ದರೆಂದು ನನಗೆ ತಿಳಿದದ್ದು ಅವರು ತೀರಿಕೊಂಡ ಬಳಿಕ, ಅತ್ತೆಯವರ ಬಾಯಿಂದ. ಹಣ ತೆಗೆದುಕೊಂಡು ಹೋದೆ. ಅತ್ತೆ ಕೈ ಮುಂದೆ ಮಾಡಲಿಲ್ಲ. “ಅವರಿರುವಾಗ ಕೇಳಿದ್ದರೆ ಸಾಕಿತ್ತು ಮಗನೇ” ಎಂದರು.

ಅಕೀಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಸುನ್ನತ್, ಪ್ರಿಯವಾದ ಸುನ್ನತ್. ಗಂಡು ಮಗುವಿಗೆ ಎರಡು ಆಡು, ಹೆಣ್ಣಿಗೆ ಒಂದು, 7ನೇ ದಿನ. ಆದರೆ ಬಹುಪಾಲು ವಿದ್ವಾಂಸರ ಪ್ರಕಾರ ಅದು ಕಡ್ಡಾಯವಲ್ಲ, ಕೈಲಾಗದವನಿಗೆ ಪಾಪವಿಲ್ಲ. ಮಗು ಪ್ರೌಢಾವಸ್ಥೆಗೆ ಬರುವವರೆಗೂ ತಂದೆಗೆ ಅವಕಾಶವಿದೆಯೆಂದು ಶಾಫಿಈ ವಿದ್ವಾಂಸರು ಹೇಳಿದ್ದಾರೆ. ಶಾಮಿಯಾನ, ಕುರ್ಚಿ, ಫೋಟೋದವನು, ಐಸ್‌ಕ್ರೀಮ್ ಯಾವ ಹದೀಸ್‌ನಲ್ಲಿಯೂ ಇಲ್ಲ. ಕೂಸಿನ ತಲೆಗೂದಲಿನ ತೂಕದಷ್ಟು ಬೆಳ್ಳಿಯನ್ನು ದಾನ ಮಾಡುವ ಕ್ರಮವಿದೆಯಲ್ಲ, ಆ ಕೂದಲು ಎಷ್ಟು ತೂಗೀತು? ಒಂದೆರಡು ಗ್ರಾಮು. ಅದು ಬಡವನಿಗೂ ನಿಲುಕುವಂತಹದು. ಸುನ್ನತಿಗಾಗಿ ಬಡ್ಡಿಯ ಹರಾಮಿಗೆ ಕೈಹಾಕುವುದು, ವುಝೂ ಮಾಡಲು ಚರಂಡಿಯ ನೀರು ತಂದಂತೆ.

ಬಂಧುಗಳಿಗೂ ಒಂದು ಮಾತು. ಕೂಸನ್ನು ನೋಡಲು ಹೋಗುವಾಗ ಎಲ್ಲರೂ ಅದೇ ಅಳತೆಯ ಅಂಗಿ ಒಯ್ಯುತ್ತೀರಿ. ಹತ್ತು ಅಂಗಿಗಳಲ್ಲಿ ಎಂಟನ್ನು ಪೆಟ್ಟಿಗೆಯಿಂದ ತೆಗೆಯುವಷ್ಟರಲ್ಲಿ ಮಗು ಬೆಳೆದಿರುತ್ತದೆ. ಅದರ ಬದಲು ಬಾಣಂತಿಗೆ ಒಂದು ತಿಂಗಳ ಹಾಲಿನ ಹಣ ಕೊಡಿ. ಹಳೆಯ ಮೆತ್ತನೆಯ ಸೀರೆ, ಪಂಚೆಗಳನ್ನು ಒಗೆದು ಬಿಸಿಲಿಗೆ ಒಣಗಿಸಿ ಲಂಗೋಟಿಗೆ ಕೊಡಿ. ಡಯಾಪರ್ ಒಂದಕ್ಕೆ 10 ರೂಪಾಯಿಯಂತೆ ದಿನಕ್ಕೆ ಐದಾದರೂ ತಿಂಗಳಿಗೆ 1,500 ಆಗುತ್ತದೆ. ಪ್ರಯಾಣಕ್ಕೆ, ರಾತ್ರಿಗೆ ಬಳಸಲಿ, ತಪ್ಪಿಲ್ಲ.

ಖರ್ಚೇ ಇಲ್ಲದೆ ಸಿಗುವುದನ್ನು ಬಿಡಬೇಡಿ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸಹ, ಉಚಿತವಾಗಿರಬೇಕೆಂದು 2011ರಿಂದ ಯೋಜನೆಯಿದೆ. ಆರೋಗ್ಯ ಕೇಂದ್ರದಲ್ಲಿ ಹುಟ್ಟಿದ ದಿನದ ಬಿಸಿಜಿ, ಪೋಲಿಯೋದಿಂದ ಹಿಡಿದು ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದುಗಳವರೆಗೆ ಯಾವುದಕ್ಕೂ ಹಣವಿಲ್ಲ. ಅರ್ಹ ತಾಯಂದಿರಿಗೆ ಮೊದಲ ಹೆರಿಗೆಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಇದೆ. ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಆಹಾರವಿದೆ. ತಾಯಿ ಕಾರ್ಡನ್ನು ಜೋಪಾನವಾಗಿಡಿ, 21 ದಿನಗಳೊಳಗೆ ಜನನ ನೋಂದಣಿ ಮಾಡಿಸಿ. ಅಂಗನವಾಡಿಗೆ ಹೋಗುವುದು ಮರ್ಯಾದೆಗೆ ಕಡಿಮೆ ಎನ್ನುವ ಅತ್ತೆಯಂದಿರಿದ್ದಾರೆ. ಬಡ್ಡಿಯ ಅಂಗಡಿಗೆ ಹೋಗುವುದು ಮರ್ಯಾದೆಯೇ?

ಮುಂಚಿತವಾಗಿ ಕೂಡಿಡುವುದು ತವಕ್ಕುಲ್‌ಗೆ ವಿರುದ್ಧವೆಂದು ಕೆಲವರಿಗೆ ಸಂಶಯ. ಪ್ರವಾದಿವರ್ಯರು(ಸ) ತಮ್ಮ ಮನೆಯವರಿಗಾಗಿ ಒಂದು ವರ್ಷದ ಆಹಾರವನ್ನು ತೆಗೆದಿರಿಸುತ್ತಿದ್ದರೆಂದು ಹ. ಉಮರ್(ರ) ವರದಿ ಮಾಡಿದ್ದಾರೆ. ಪ್ರವಾದಿ ಯೂಸುಫ್(ಅ) ಏಳು ವರ್ಷ ತೆನೆಯಲ್ಲೇ ಧಾನ್ಯವನ್ನು ಕಾಪಿಡಿಸಿದರು. ಮಗು ಬರಲಿದೆಯೆಂದು ತಿಳಿದ ದಿನದಿಂದ ಹೆರಿಗೆಯವರೆಗೆ ಏಳೆಂಟು ತಿಂಗಳಾದರೂ ಸಿಗುತ್ತದೆ. ತಿಂಗಳಿಗೆ 1,000 ತೆಗೆದಿಟ್ಟರೂ ತುರ್ತಿಗೆ ಒದಗೀತು. ದೇವಮಾರ್ಗದಲ್ಲಿ, ಗುಲಾಮನ ಬಿಡುಗಡೆಗೆ, ಬಡವನಿಗೆ, ಮನೆಯವರಿಗೆ ಖರ್ಚು ಮಾಡಿದ ದೀನಾರ್‌ಗಳಲ್ಲಿ ಮನೆಯವರಿಗೆ ಖರ್ಚು ಮಾಡಿದ್ದಕ್ಕೇ ಹೆಚ್ಚಿನ ಪ್ರತಿಫಲವೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಆ ಯುವಕನಿಗೆ ಅಂದು ಇಷ್ಟನ್ನೇ ಹೇಳಿದೆ: ನಾಳೆಯೇ ಹೋಗಿ ಹೆಂಡತಿಯ ಕ್ಷಮೆ ಕೇಳು, ಒಂದು ಪುಸ್ತಕ ಕೊಂಡುಕೋ, ಇಬ್ಬರೂ ಕೂತು ಬರೆಯಿರಿ. ಮಹಲ್ಲಾದ ಇಬ್ಬರು ಹಿರಿಯರು ಬಡ್ಡಿಯಿಲ್ಲದ ಸಾಲ ಕೊಟ್ಟು ಬಡ್ಡಿಯ ಸಾಲ ತೀರಿಸಿದರು. ಅವನೀಗ ಆ ಹಿರಿಯರಿಗೆ ತಿಂಗಳಿಗಿಷ್ಟೆಂದು ಹಿಂತಿರುಗಿಸುತ್ತಿದ್ದಾನೆ. ಮೊನ್ನೆ ಅವನು ಪುಸ್ತಕ ತಂದು ತೋರಿಸಿದ. ಮೊದಲ ಪುಟ ಹೆಂಡತಿಯ ಅಕ್ಷರದಲ್ಲಿತ್ತು. ಮೊದಲ ಸಾಲು: ತಾಯಿಗೆ ಹಾಲು, ಅರ್ಧ ಲೀಟರ್. ಅದರ ಎದುರು ಅವನು ಪ್ರತಿದಿನ ಗುರುತು ಹಾಕಿದ್ದ. ಮಗು ಕುಳಿತುಕೊಳ್ಳಲು ಕಲಿತಿದೆಯಂತೆ. ಕಂತು ಇನ್ನೂ ಏಳು ಬಾಕಿ ಇದೆ.