ಸುಂಕದ ಕಟ್ಟೆಯಿಂದ ಏಳುವ ಮೊದಲು



ಶುಭಸಂದೇಶದಲ್ಲಿ ಇಬ್ಬರು ಸುಂಕದವರ ಕಥೆ ಬರುತ್ತದೆ. ಒಬ್ಬ ಮತ್ತಾಯ, ಇನ್ನೊಬ್ಬ ಜಕ್ಕಾಯ. ಇಬ್ಬರದೂ ದುಡ್ಡಿನ ಲೆಕ್ಕ ಹಿಡಿಯುವ ಕೆಲಸ. ಇಬ್ಬರ ಮೇಲೂ ಯೇಸುಸ್ವಾಮಿಯ ದೃಷ್ಟಿ ಬಿತ್ತು. ಮತ್ತಾಯನನ್ನು ಪ್ರಭು ತಮ್ಮ ಹಿಂದೆ ಬರಲು ಕರೆದರು. ಅವನು ಸುಂಕದ ಕಟ್ಟೆಯಿಂದ ಎದ್ದು ಹೊರಟೇಬಿಟ್ಟ (ಮತ್ತಾಯ 9:9). ಜಕ್ಕಾಯನನ್ನು ಮರದಿಂದ ಇಳಿಯಲು ಹೇಳಿ ಅವನ ಮನೆಗೇ ಅತಿಥಿಯಾಗಿ ಹೋದರು. ಆದರೆ ಕೆಲಸ ಬಿಡು ಎಂದು ಅವನಿಗೆ ಹೇಳಲಿಲ್ಲ. ಅವನು ತಾನಾಗಿಯೇ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆಂದ (ಲೂಕ 19:1-10). ಒಬ್ಬನಿಗೆ ಎದ್ದು ಬರುವ ಕರೆ. ಇನ್ನೊಬ್ಬನಿಗೆ ಇದ್ದಲ್ಲೇ ನೇರವಾಗಿ ಬಾಳುವ ಕರೆ. ಎರಡೂ ದೇವರ ಕರೆಯೇ.

ಈ ಇಬ್ಬರನ್ನೂ ಇಂದು ನೆನೆಯಲು ಕಾರಣವಿದೆ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಎಷ್ಟೋ ಮನೆಗಳ ಮಕ್ಕಳು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರೈಲಿಗೋ ಬಸ್ಸಿಗೋ ಓಡುತ್ತಾರೆ. ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ದಿನವಿಡೀ ಅದೇ ಬಿಲ್ಲು, ಅದೇ ವೋಚರ್, ಅದೇ ಎಂಟ್ರಿ. ಸಂಜೆ ಮನೆಗೆ ಬಂದಾಗ ಮೈ ದಣಿದಿರುವುದಿಲ್ಲ, ಮನಸ್ಸು ದಣಿದಿರುತ್ತದೆ. ಇಷ್ಟಕ್ಕೇ ದೇವರು ನನಗೆ ಬುದ್ಧಿ ಕೊಟ್ಟನೇ ಎಂಬ ಪ್ರಶ್ನೆ ಏಳುತ್ತದೆ. ಹೋಗಿಬರುವ ದಾರಿಯಲ್ಲೇ ಬಿಡದಿ ಮತ್ತು ಹಾರೋಹಳ್ಳಿಯ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವ ಗೆಳೆಯರು ರೋಬೋ, ಸೆನ್ಸರ್, ಪಿಎಲ್‌ಸಿ ಎಂದೆಲ್ಲ ಹೇಳುತ್ತಾರೆ. ಈ ಗುಮಾಸ್ತಗಿರಿ ಬಿಟ್ಟು ಆ ವಿದ್ಯೆ ಕಲಿತರೆ ಹೇಗೆ ಎಂಬ ಆಸೆ ಮೊಳೆಯುತ್ತದೆ. ಮನೆಯ ಹಿರಿಯರಿಗೋ, ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳ ಹೋದೀತೆಂಬ ಭಯ.

ಓದುಗ ಮಿತ್ರರೇ, ಇಂಥ ಆಸೆ ನಿಮ್ಮಲ್ಲೋ ನಿಮ್ಮ ಮಕ್ಕಳಲ್ಲೋ ಇದ್ದರೆ ಅದು ಪಾಪವಲ್ಲ. ಅದು ಮತ್ತಾಯನ ಕರೆಯೋ ಜಕ್ಕಾಯನ ಕರೆಯೋ ಎಂದು ಪರೀಕ್ಷಿಸಿ ನೋಡಬೇಕು, ಅಷ್ಟೇ.

ಬೇಸರವೊಂದೇ ಸಾಲದು

ನಜರೇತಿನ ಮನೆಯನ್ನು ನೆನೆಯಿರಿ. ಸಂತ ಜೋಸೆಫರು ಬಡಗಿ. ಅದೇ ಉಳಿ, ಅದೇ ಮರ, ಅದೇ ನೊಗ ನೇಗಿಲು. ಪ್ರಭು ಸಾರ್ವಜನಿಕ ಸೇವೆ ಆರಂಭಿಸುವಾಗ ಅವರಿಗೆ ಸುಮಾರು ಮೂವತ್ತು ವರ್ಷ. ಅಲ್ಲಿಯವರೆಗಿನ ಬದುಕು ಹೆಚ್ಚುಕಡಿಮೆ ದಿನದಿನವೂ ಒಂದೇ ಬಗೆಯ ದುಡಿಮೆಯಲ್ಲಿ ಕಳೆಯಿತು. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್‌ರು ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದಾಗ ಧರ್ಮಸಭೆ ಗೌರವಿಸಿದ್ದು ಈ ಸದ್ದಿಲ್ಲದ ದುಡಿಮೆಯನ್ನೇ.

ಬೇಸರ ಬಂತೆಂಬ ಒಂದೇ ಕಾರಣಕ್ಕೆ ಎದ್ದವನು ಹೊಸ ಜಾಗದಲ್ಲೂ ಬೇಸರವನ್ನೇ ಕಾಣುತ್ತಾನೆ. ಆಟೋಮೇಷನ್ ಕೆಲಸದಲ್ಲೂ ನೂರಾರು ತಂತಿಗಳಿಗೆ ನಂಬರು ಹಾಕಿ ಪ್ಯಾನೆಲ್‌ಗೆ ಜೋಡಿಸಬೇಕು. ಯಂತ್ರ ನಿಂತರೆ ನಡುರಾತ್ರಿ ಫೋನು ಬರುತ್ತದೆ. ಹೊಸ ಯಂತ್ರ ಕೂರಿಸಲು ದೂರದ ಊರಿಗೆ ಹೋದರೆ ವಾರಗಟ್ಟಲೆ ಹೆಂಡತಿ ಮಕ್ಕಳ ಮುಖ ಕಾಣುವುದಿಲ್ಲ. ಭಾನುವಾರದ ಬಲಿಪೂಜೆಗೂ ಎಲ್ಲಿ ಎಂದು ಹುಡುಕಬೇಕು. ಇದನ್ನೆಲ್ಲ ತಿಳಿದ ಮೇಲೂ ಆ ವಿದ್ಯೆಯ ಕಡೆಗೇ ಮನಸ್ಸು ಎಳೆಯುತ್ತಿದೆಯೇ? ಕೆಟ್ಟ ಮೋಟಾರು ಕಂಡರೆ ಬಿಚ್ಚಿ ನೋಡುವ ಕೈ ನಿಮ್ಮದೇ? ಹಾಗಾದರೆ ಅದು ಬರೀ ಓಟವಲ್ಲ, ಕರೆಯೂ ಇರಬಹುದು. ತಲೆಂತುಗಳ ಸಾಮತಿಯಲ್ಲಿ (ಮತ್ತಾಯ 25) ಒಡೆಯ ಸಿಟ್ಟಾದದ್ದು ಭಯದಿಂದ ಹಣವನ್ನು ಹೂತಿಟ್ಟ ಆಳಿನ ಮೇಲೆ ಎಂಬುದನ್ನೂ ಮರೆಯಬಾರದು.

ಈ ವಿದ್ಯೆ ಎಂದರೇನು?

ಹೆಸರು ದೊಡ್ಡದು, ಆದರೆ ನಮ್ಮ ಊರಿನವರಿಗೆ ಅರ್ಥವಾಗದ್ದೇನಲ್ಲ. ರಾಮನಗರದ ಫಿಲೇಚರ್‌ಗಳನ್ನು ನೋಡಿ. ಬೇಯಿಸಿದ ಎಂಟು ಹತ್ತು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ರೇಷ್ಮೆ ನೂಲು ಮಾಡುತ್ತಾರೆ. ಒಂದು ಗೂಡಿನ ಎಳೆ ಮುಗಿದರೆ ನೂಲು ತೆಳುವಾಗುತ್ತದೆ. ಚರಕದ ಮುಂದೆ ಕುಳಿತವರು ಅದನ್ನು ಕಣ್ಣಿನಿಂದ ಗುರುತಿಸಿ, ಬಿಸಿನೀರಿಗೆ ಕೈಯಿಟ್ಟು ಹೊಸ ಗೂಡಿನ ಎಳೆ ಸೇರಿಸಬೇಕು. ಸ್ವಯಂಚಾಲಿತ ಯಂತ್ರದಲ್ಲಿ ನೂಲು ಎಷ್ಟು ದಪ್ಪವಿದೆ ಎಂದು ಅಳೆಯುವ ಒಂದು ಸಾಧನವಿದೆ. ನೂಲು ತೆಳುವಾದ ಕೂಡಲೇ ಅದು ಸೂಚನೆ ಕೊಡುತ್ತದೆ, ಯಂತ್ರವೇ ಹೊಸ ಗೂಡನ್ನು ತಂದು ಒದಗಿಸುತ್ತದೆ. ಅಳೆಯುವುದು, ತೀರ್ಮಾನಿಸುವುದು, ಮಾಡುವುದು: ಆಟೋಮೇಷನ್ ಎಂದರೆ ಈ ಮೂರೇ. ಕಾರಿನ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ರೋಬೋ ಕೂಡ ಇದೇ ಜಾತಿಯದು.

ನಡುವಿನ ತೀರ್ಮಾನದ ಕೆಲಸವನ್ನು ಮಾಡುವ ಪೆಟ್ಟಿಗೆಯೇ ಪಿಎಲ್‌ಸಿ. 1968ರಲ್ಲಿ ಅಮೆರಿಕದ ಡಿಕ್ ಮಾರ್ಲೆ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಇದಕ್ಕೆ ಬರೆಯುವ ಪ್ರೋಗ್ರಾಂ ಏಣಿಯ ಆಕಾರದ ಚಿತ್ರದಂತಿರುತ್ತದೆ. ಕಾರ್ಖಾನೆಯ ಎಲೆಕ್ಟ್ರಿಷಿಯನ್ನರು ಆಗಲೇ ಓದಬಲ್ಲವರಾಗಿದ್ದ ವೈರಿಂಗ್ ಚಿತ್ರದ ಮಾದರಿಯಲ್ಲೇ ಅದನ್ನು ಮಾಡಿದ್ದರು. ದೊಡ್ಡ ಪದವಿ ಇಲ್ಲದವರೂ ಕಲಿಯಬಹುದಾದದ್ದು ಇದು. ಲೆಕ್ಕಪತ್ರದಲ್ಲಿ ಪಳಗಿದವರಿಗೆ ಇನ್ನೊಂದು ಅನುಕೂಲವೂ ಇದೆ. ಒಂದು ಸಾಲೂ ಬಿಡದೆ ತಾಳೆ ನೋಡುವ ನಿಮ್ಮ ಅಭ್ಯಾಸ ಇಲ್ಲಿ ಬಹಳ ಬೇಕಾಗುತ್ತದೆ. ಮತ್ತಾಯ ಸುಂಕದ ಕಟ್ಟೆಯನ್ನು ಬಿಟ್ಟನೇ ಹೊರತು ಬರೆಯುವ ಕೈಯನ್ನು ಬಿಡಲಿಲ್ಲ. ಮೊದಲನೆಯ ಶುಭಸಂದೇಶಕ್ಕೆ ಅವನ ಹೆಸರನ್ನೇ ಧರ್ಮಸಭೆಯ ಪರಂಪರೆ ಕೊಟ್ಟಿದೆ.

ಕುಳಿತು ಲೆಕ್ಕ ಹಾಕಿ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭುವೇ ಕಲಿಸಿದ್ದಾರೆ (ಲೂಕ 14:28-30). ಅಸ್ತಿವಾರ ಹಾಕಿ ನಿಲ್ಲಿಸಿದವನನ್ನು ಕಂಡು ಊರೇ ನಗುತ್ತದೆ. ಆದ್ದರಿಂದ ರಾಜೀನಾಮೆ ಪತ್ರ ಬರೆಯುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಿ. ಸಾಲದ ಕಂತು ಎಷ್ಟು? ಮಕ್ಕಳ ಫೀಸು ಎಷ್ಟು? ಸಂಬಳವಿಲ್ಲದೆ ಆರು ತಿಂಗಳು ಮನೆ ನಡೆದೀತೇ? ಹೊಸ ಕೆಲಸದ ಮೊದಲ ಸಂಬಳ ಈಗಿನದಕ್ಕಿಂತ ಕಡಿಮೆಯಾದರೆ ಹೆಂಡತಿ ಅಥವಾ ಗಂಡ ಒಪ್ಪುತ್ತಾರೆಯೇ? ಸಾಧ್ಯವಾದಷ್ಟನ್ನು ಈಗಿನ ಕೆಲಸದಲ್ಲಿದ್ದುಕೊಂಡೇ ಸಂಜೆಯ ಹೊತ್ತು ಕಲಿಯಿರಿ. ಆರು ತಿಂಗಳ ಸಂಜೆಗಳನ್ನು ಕೊಡಲಾರದ ಆಸೆ ಆರು ವರ್ಷದ ಕಷ್ಟವನ್ನು ತಾಳಲಾರದು.

ಕಲಿಯುವ ದಾರಿಗಳು ನಮ್ಮ ಸುತ್ತಲೇ ಇವೆ. ಕನಕಪುರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ; ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಶಾಖೆ ಅದು. ಅಲ್ಲಿಗೆ ಹೋಗಿ ಯಾವ ಯಾವ ತರಬೇತಿ ಇದೆ ಎಂದು ವಿಚಾರಿಸಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿ 2022ರ ಜೂನ್‌ನಲ್ಲಿ ದೇಶಕ್ಕೆ ಅರ್ಪಿಸಲಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮನೋ ತಂಗಿಯೋ ಇದ್ದರೆ, ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯ ಬಗ್ಗೆ ಕೇಳಿ ನೋಡಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಂಡು ಕೆಲಸ ಖಂಡಿತ ಎನ್ನುವವರ ಮಾತಿಗೆ ಮರುಳಾಗಬೇಡಿ. ಅಲ್ಲಿ ಕಲಿತು ಹೊರಬಂದ ನಾಲ್ಕು ಜನರನ್ನು ಕಂಡು ಮಾತಾಡಿಸಿ, ಆಮೇಲೆ ಹಣ ಕೊಡಿ.

ಪಕ್ಕದ ಮನೆಯವರ ಕೈ

ಇಷ್ಟು ಲೆಕ್ಕ ಸರಿಹೋದರೂ ಕ್ರೈಸ್ತನಿಗೆ ಇನ್ನೊಂದು ಲೆಕ್ಕ ಉಳಿಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿ ಮಾರಾಟವಾದ ಗೂಡುಗಳ ನೂಲು ಬಿಚ್ಚಿ ಎಷ್ಟೋ ಬಡ ಹೆಂಗಸರು ಸಂಸಾರ ಸಾಗಿಸಿದ್ದಾರೆ. ದಿನವಿಡೀ ಬಿಸಿನೀರಿನಲ್ಲಿ ನೆನೆದು ಅವರ ಬೆರಳುಗಳ ಚರ್ಮ ಸುಲಿದಿರುತ್ತದೆ. ಸ್ವಯಂಚಾಲಿತ ಯಂತ್ರ ಆ ಬೆರಳುಗಳನ್ನು ಉಳಿಸುತ್ತದೆ. ಆದರೆ ಹತ್ತು ಜನರ ಕೆಲಸವನ್ನು ಕೆಲವೇ ಜನ ಮಾಡುವಂತಾದರೆ ಉಳಿದವರ ಒಲೆ ಉರಿಯುವುದು ಹೇಗೆ? ನೀವು ಕಲಿತು ಬರೆಯುವ ಪ್ರೋಗ್ರಾಂ ಒಂದು ದಿನ ನಿಮ್ಮದೇ ಧರ್ಮಕೇಂದ್ರದ ಒಬ್ಬ ತಾಯಿಯ ಕೂಲಿಯನ್ನು ಮುಟ್ಟಬಹುದು. ನೀವು ಬಿಟ್ಟುಬಂದ ಕಚೇರಿಯ ಗೆಳೆಯನ ಮೇಜನ್ನೂ ಮುಟ್ಟಬಹುದು. ಇದನ್ನು ಯೋಚಿಸದೆ ದೊಡ್ಡ ಸಂಬಳ ಎಣಿಸುವುದು ಸರಿಯೇ?

ಧರ್ಮಸಭೆ ಯಂತ್ರಗಳ ವೈರಿಯಲ್ಲ. 1981ರಲ್ಲಿ ಸಂತ ಎರಡನೇ ಜಾನ್ ಪಾಲರು ದುಡಿಮೆಯನ್ನು ಕುರಿತು ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವಪತ್ರ ಹೊರಡಿಸಿದರು. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ ಎಂಬುದು ಅದರ ತಿರುಳು. ಯಂತ್ರ ಮನುಷ್ಯನಿಗೆ ಸಂಗಾತಿ. ಆದರೆ ಅದು ಅವನ ಕೆಲಸವನ್ನೂ ಸೃಷ್ಟಿಶೀಲತೆಯನ್ನೂ ಹೊಣೆಗಾರಿಕೆಯನ್ನೂ ಕಸಿದುಕೊಂಡರೆ ವೈರಿಯಂತೆ ಆಗಬಹುದೆಂದು ಅವರು ಎಚ್ಚರಿಸಿದರು. 1891ರಲ್ಲಿ ಹದಿಮೂರನೇ ಲಿಯೋರವರು ‘ರೇರುಮ್ ನೊವಾರುಮ್’ ಮೂಲಕ ಕಾರ್ಮಿಕರ ಪರವಾಗಿ ಮಾತಾಡಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದು ಆ ನೆನಪಿನಿಂದಲೇ. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಮಾನವ ಘನತೆ, ನ್ಯಾಯ, ದುಡಿಮೆಗಳನ್ನು ಕಾಪಾಡಬೇಕಾಗಿದೆ ಎಂದು ಅವರು ಕಾರ್ಡಿನಲರಿಗೆ ತಿಳಿಸಿದರು.

ಯಂತ್ರ ಸಂಗಾತಿಯಾಗುವುದು ಹೇಗೆಂದು ನಮ್ಮ ಚನ್ನಪಟ್ಟಣದ ಗೊಂಬೆ ಮಾಡುವವರು ತೋರಿಸಿದ್ದಾರೆ. ಕೈಯಿಂದ ತಿರುಗಿಸುತ್ತಿದ್ದ ಲೇಥ್‌ಗೆ ಕರೆಂಟು ಬಂತು. ತಿರುಗಿಸುವ ದಣಿವು ತಪ್ಪಿತು. ಆದರೆ ಹಾಲೆ ಮರಕ್ಕೆ ಉಳಿ ಹಿಡಿಯುವ ಹದ, ಅರಗಿನ ಬಣ್ಣ ಒತ್ತುವ ಹದ ಮನುಷ್ಯನ ಕೈಯಲ್ಲೇ ಉಳಿಯಿತು. ಬಿಡದಿಯ ಟೊಯೊಟಾ ಕಾರ್ಖಾನೆಯ ಮೂಲವೂ ಒಂದು ಮಗ್ಗವೇ ಎಂಬುದು ಹಲವರಿಗೆ ತಿಳಿದಿಲ್ಲ. ಜಪಾನಿನ ಒಬ್ಬ ಬಡಗಿಯ ಮಗ ಸಾಕಿಚಿ ಟೊಯೊಡ 1924ರಲ್ಲಿ ಒಂದು ಸ್ವಯಂಚಾಲಿತ ಮಗ್ಗವನ್ನು ಪೂರ್ಣಗೊಳಿಸಿದರು. ಎಳೆ ಕಡಿದರೆ ಅದು ತಾನೇ ನಿಲ್ಲುತ್ತಿತ್ತು. ಮನುಷ್ಯ ಯಂತ್ರವನ್ನೇ ದಿಟ್ಟಿಸುತ್ತ ಕೂರಬೇಕಾದ ಗೋಳು ಅದರಿಂದ ತಪ್ಪಿತು.

ಹಾಗಾದರೆ ಈ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳು ಮೂರು ವಿಷಯಗಳನ್ನು ಮನಸ್ಸಿನಲ್ಲಿಡಲಿ. ಮೊದಲನೆಯದು: ಯಂತ್ರಕ್ಕೆ ಮೊದಲು ಒಪ್ಪಿಸಬೇಕಾದದ್ದು ಸುಡುವ, ಕತ್ತರಿಸುವ, ಉಸಿರುಗಟ್ಟಿಸುವ ಕೆಲಸಗಳನ್ನು. ಎರಡನೆಯದು: ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸೆನ್ಸರ್ ಇರುತ್ತದೆ. ಉತ್ಪಾದನೆ ನಿಧಾನವಾಗುತ್ತದೆ, ಅದನ್ನು ತಪ್ಪಿಸಿ ವೈರ್ ಹಾಕು ಎಂದು ಯಾರಾದರೂ ಹೇಳಿಯಾರು. ಯಾರೇ ಹೇಳಲಿ, ಒಪ್ಪಬೇಡಿ. ಇನ್ನೊಬ್ಬನ ಬೆರಳನ್ನು ಪಣಕ್ಕಿಟ್ಟು ಗಳಿಸಿದ ಬಡ್ತಿ ನಮಗೆ ಬೇಡ. ಮೂರನೆಯದು: ಹೊಸ ಯಂತ್ರ ಬಂದಾಗ ಹಳೆಯ ಕೆಲಸಗಾರನಿಗೇ ಅದನ್ನು ನಡೆಸಲು ಕಲಿಸಿ. ಅವನಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಹೇಳಿಕೊಡಿ. ಅವನನ್ನು ಉಳಿಸಿಕೊಳ್ಳಿ ಎಂದು ಮಾಲೀಕರಿಗೆ ಒಂದು ಮಾತು ಹೇಳಿ. ದ್ರಾಕ್ಷಿತೋಟದ ಸಾಮತಿಯಲ್ಲಿ (ಮತ್ತಾಯ 20) ಸಂಜೆಯವರೆಗೂ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ, ಅವರನ್ನು ಯಾರೂ ಕೂಲಿಗೆ ಕರೆದಿರಲಿಲ್ಲ. ಒಡೆಯ ಅವರ ಹಸಿವನ್ನೂ ಲೆಕ್ಕಕ್ಕೆ ಹಿಡಿದ.

ಹಿರಿಯರಿಗೊಂದು ಮಾತು

ತಂದೆತಾಯಿಗಳೇ, ಮಗನೋ ಮಗಳೋ ಈ ಮಾತೆತ್ತಿದಾಗ ಕೂಡಲೇ ಗದರಬೇಡಿ. ನಿಮ್ಮ ಭಯಕ್ಕೆ ಅರ್ಥವಿದೆ. ಆದರೆ ಭಯವನ್ನು ಲೆಕ್ಕವಾಗಿ ಮಾಡಿ ಮುಂದಿಡಿ, ಶಾಪವಾಗಿ ಅಲ್ಲ. ಮಕ್ಕಳೇ, ತಂದೆಯ ಕೂಲಿಯಿಂದಲೇ ನಿಮಗೆ ಆಫೀಸಿನ ಕುರ್ಚಿ ಸಿಕ್ಕಿತೆಂಬುದನ್ನು ಮರೆತು ಆ ಕುರ್ಚಿಯನ್ನು ಹೀಯಾಳಿಸಬೇಡಿ. ಎಲ್ಲ ಯೋಚಿಸಿದ ಮೇಲೆ ಇರುವ ಕೆಲಸದಲ್ಲೇ ಉಳಿಯಬೇಕೆಂದು ತೋರಿದವರು ತಮ್ಮನ್ನು ಸೋತವರೆಂದು ತಿಳಿಯಬಾರದು. ಲಂಚ ಮುಟ್ಟದೆ, ಬಂದ ಬಡವನನ್ನು ನಾಳೆ ಬಾ ಎಂದು ಅಲೆಸದೆ ಕೆಲಸ ಮಾಡುವ ಗುಮಾಸ್ತನ ಮನೆಗೆ ಪ್ರಭು ಇಂದಿಗೂ ಅತಿಥಿಯಾಗಿ ಬರುತ್ತಾರೆ. ಎದ್ದು ಹೊರಟವರು ಹಳೆಯ ಸಂಗಡಿಗರನ್ನು ಮರೆಯಬಾರದು. ಸುಂಕದ ಕಟ್ಟೆ ಬಿಟ್ಟ ಲೇವಿ ಮೊದಲು ಮಾಡಿದ್ದು ಔತಣ. ಅದಕ್ಕೆ ಸುಂಕದವರೇ ಗುಂಪುಗುಂಪಾಗಿ ಬಂದು ಪ್ರಭುವಿನೊಂದಿಗೆ ಊಟಕ್ಕೆ ಕುಳಿತರು (ಲೂಕ 5:29).

ಈ ವಿದ್ಯೆ ಬಲ್ಲವರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದೇ ಇದ್ದಾರೆ. ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಎರಡು ಗಂಟೆ ಕುಳಿತು ಕಿರಿಯರಿಗೆ ದಾರಿ ಹೇಳಿದರೆ, ಅದೂ ಸಣ್ಣ ದಾನವಲ್ಲ. ಕೆಲಸ ಕಳೆದುಕೊಂಡವರ ಮನೆಗೆ ಅದೇ ದಿನ ಹೋಗಿ ಬಂದರೆ ಇನ್ನೂ ಒಳ್ಳೆಯದು.

ಶ್ರಮಿಕರ ಪಾಲಕರಾದ ಸಂತ ಜೋಸೆಫರೇ, ಕೆಲಸ ಬದಲಿಸಲು ಹೊರಟವರಿಗೆ ಧೈರ್ಯವನ್ನೂ ಉಳಿಯುವವರಿಗೆ ನೆಮ್ಮದಿಯನ್ನೂ ಬೇಡಿಕೊಡಿ. ಯಂತ್ರಗಳ ಈ ಕಾಲದಲ್ಲಿ ನಮ್ಮೂರಿನ ಯಾವ ಕೈಯೂ ಬರಿದಾಗದಿರಲೆಂದು ನಿಮ್ಮ ಸಾಕುಮಗನಾದ ನಮ್ಮ ಪ್ರಭುವಿನಲ್ಲಿ ನಮಗಾಗಿ ಪ್ರಾರ್ಥಿಸಿರಿ. ಆಮೆನ್.