ಹುಣಿಸೆಬೀಜದ ಆಟ



ಕಳೆದ ಚಾತುರ್ಮಾಸ್ಯದಲ್ಲಿ ಶಿವಬಸವ ನಗರದ ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ, ಗೃಹಿಣಿಯೊಬ್ಬರು ಸಂಕೋಚದಿಂದಲೇ ನಮ್ಮನ್ನು ಒಂದು ಮಾತು ಕೇಳಿದರು. ಅವರ ಮಗನಿಗೆ ಹದಿನೆಂಟು ತುಂಬುತ್ತಲಿತ್ತು. ಇಂಜಿನಿಯರಿಂಗ್ ಓದಲು ಸುರತ್ಕಲ್ಲಿಗೆ ಹೊರಡಲು ಕೆಲವೇ ದಿನಗಳು ಉಳಿದಿದ್ದವು. ಹೊರಗೆ ಬೆಳಗಾವಿಯ ಬಿಡದ ಮಳೆ. ದಿನವೂ ಸಂಜೆ ತಾಯಿಮಗ ಇಬ್ಬರೂ ಒಡೆದ ಹುಣಿಸೆಬೀಜಗಳನ್ನು ಹಿಡಿದು ಚೌಕಾಬಾರ ಆಡುತ್ತ ಕುಳಿತುಬಿಡುವರು. ಮೀಸೆ ಮೂಡಿದ ಹುಡುಗ ಕಾಯಿ ಕದಿಯುವನು, ತಾಯಿ ಕೈ ಹಿಡಿಯುವಳು, ಇಬ್ಬರೂ ನಗುವರು. ಹರಿನಾಮ ಹೇಳುವ ಹೊತ್ತಿನಲ್ಲಿ ಇದು ಮೋಹವಲ್ಲವೇ, ಹೀಗೆ ಅಂಟಿಕೊಂಡರೆ ಪಾಪವಲ್ಲವೇ ಎಂಬುದು ಆ ತಾಯಿಯ ಪ್ರಶ್ನೆ.

ಕೂಡಲೇ ಉತ್ತರ ಹೊಳೆಯಲಿಲ್ಲ. ವೈರಾಗ್ಯದ ನಾಲ್ಕು ಮಾತು ಹೇಳಿ ಬಂದುಬಿಡುವುದು ಸುಲಭ. ನಮ್ಮಂಥವರ ಬಾಯಲ್ಲಿ ಅವು ಸದಾ ಸಿದ್ಧವಾಗಿಯೇ ಇರುತ್ತವೆ. ಆದರೆ ಹುಣಿಸೆಬೀಜ ಎಂದೊಡನೆ ಮನಸ್ಸು ಪಾಜಕಕ್ಕೆ ಹೋಯಿತು. ವಿಜಯದಶಮಿಯು ಶ್ರೀಮದಾಚಾರ್ಯರ ಅವತಾರದ ದಿನವಾದುದರಿಂದ, ಅಂದು ಹೇಳಿದ್ದನ್ನು ಇಲ್ಲಿ ಬರೆಯುವುದು ಉಚಿತವೆನಿಸಿದೆ.

ಉಡುಪಿಯ ಸಮೀಪದ ಆ ಗ್ರಾಮದ ಮಧ್ಯಗೇಹ ಭಟ್ಟರೂ ವೇದವತಿಯವರೂ ಎರಡು ಗಂಡುಮಕ್ಕಳನ್ನು ಕಳೆದುಕೊಂಡು, ಹನ್ನೆರಡು ವರ್ಷ ಅನಂತೇಶ್ವರನನ್ನು ಸೇವಿಸಿ ಪಡೆದ ಮಗನು ವಾಸುದೇವ. ಅವನ ಬಾಲಲೀಲೆಗಳನ್ನು ಶ್ರೀ ನಾರಾಯಣ ಪಂಡಿತಾಚಾರ್ಯರು 16 ಸರ್ಗಗಳ ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ತಂದೆಗೆ ಎತ್ತನ್ನು ಮಾರಿದವನು ಹಣಕ್ಕಾಗಿ ಬಂದು ಕುಳಿತಾಗ, ಮಗು ಆಟವಾಡುತ್ತಲೇ ಹುಣಿಸೆಬೀಜಗಳನ್ನು ಎಣಿಸಿ ಕೊಟ್ಟಿತು. ಸಾಲ ತೀರಿತೆಂದು ಅವನು ಸಂತೋಷದಿಂದ ಎದ್ದುಹೋದನು. ಇನ್ನೊಮ್ಮೆ ತಂದೆ ಪುರಾಣ ಹೇಳುವಾಗ ಮರಗಳ ಹೆಸರುಗಳಿಗೆ ಅರ್ಥ ಹೇಳುತ್ತ, ‘ಲಿಕುಚ’ವೆಂಬ ಪದವನ್ನು ಬಿಟ್ಟು ಮುಂದೆ ಸಾಗಿದರು. ಮಗನು ತುಂಬಿದ ಸಭೆಯಲ್ಲಿಯೇ ಅದನ್ನು ಎತ್ತಿ ಕೇಳಿ, ತಾನೇ ಅರ್ಥವನ್ನೂ ಹೇಳಿದನು. (ನಮ್ಮ ತಂದೆಯವರೂ ಅರ್ಚಕರು. ಪಾಠಶಾಲೆಯಿಂದ ರಜೆಗೆ ಬಂದಾಗ ನಾವು ಅವರ ಉಚ್ಚಾರಣೆಯಲ್ಲಿ ತಪ್ಪು ಹಿಡಿದು ಬೀಗುತ್ತಿದ್ದೆವು. ಅವರು ಬೇಕೆಂದೇ ತಪ್ಪುತ್ತಿದ್ದರೆಂದು ತಿಳಿಯಲು ಬಹಳ ವರ್ಷ ಬೇಕಾಯಿತು.)

ಅಂಥ ಮಗನು ಸಂನ್ಯಾಸ ಬೇಕೆಂದನು. ತಂದೆ ಅಂಗಲಾಚಿ, ಕೊನೆಗೆ ಮಗನಿಗೇ ನಮಸ್ಕರಿಸಿದರು. ಹಿರಿಯರು ಕಿರಿಯನಿಗೆ ನಮಸ್ಕರಿಸುವುದು ಅವನು ಯತಿಯಾದರೆ ಮಾತ್ರ, ಆದುದರಿಂದ ಅಪ್ಪಣೆ ದೊರೆತಂತೆಯೇ ಎಂದು ಮಗನು ಅದನ್ನೂ ತನ್ನ ಕಡೆಗೇ ತಿರುಗಿಸಿಕೊಂಡನು! ಆದರೂ ತಂದೆತಾಯಿಗಳನ್ನು ನೋಡಿಕೊಳ್ಳಲು ತಮ್ಮನೊಬ್ಬನು ಹುಟ್ಟುವವರೆಗೆ ಕಾಯಲು ಒಪ್ಪಿದನು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಮಗುವಿನ ಬರವೇ ಇನ್ನೊಂದು ಮಗುವಿನ ಅಗಲಿಕೆಗೆ ಗಡುವಾಯಿತು. ಆ ತಿಂಗಳುಗಳನ್ನು ವೇದವತಿಯಮ್ಮನವರು ಹೇಗೆ ಎಣಿಸಿದರೋ! ಪಾಠಶಾಲೆಯಲ್ಲಿ ಅನ್ವಯಾರ್ಥ ಒಪ್ಪಿಸುವ ಅವಸರದಲ್ಲಿ ನಾವು ಈ ಸ್ಥಳವನ್ನು ಬೇಗನೆ ದಾಟಿದ್ದೆವು. ಆ ತಾಯಿಯ ಪ್ರಶ್ನೆ ಮತ್ತೆ ನಮ್ಮನ್ನು ಅಲ್ಲಿಗೇ ಕರೆತಂದಿತು.

ಹಾಗೆ ಮನೆ ಬಿಟ್ಟ ಆಚಾರ್ಯರೇ, ಮಹಾಭಾರತ ತಾತ್ಪರ್ಯ ನಿರ್ಣಯದ ಮೊದಲ ಅಧ್ಯಾಯದಲ್ಲಿ ಭಕ್ತಿಯ ಲಕ್ಷಣವನ್ನು ಹೇಳುವಾಗ ಆರಿಸಿಕೊಂಡ ಪದ ‘ಸ್ನೇಹ’. ಭಗವಂತನ ಮಾಹಾತ್ಮ್ಯದ ಅರಿವು ಮೊದಲಿರಬೇಕು, ಅವನಲ್ಲಿಯ ಸ್ನೇಹವು ದೃಢವಾಗಿ ಮಿಕ್ಕೆಲ್ಲಕ್ಕಿಂತ ಅಧಿಕವಾಗಿರಬೇಕು ಎಂಬುದು ಅದರ ತಾತ್ಪರ್ಯ. ಅಧಿಕವೆನ್ನಬೇಕಾದರೆ ಉಳಿದ ಸ್ನೇಹಗಳೂ ಇರಲೇಬೇಕಷ್ಟೆ. ಮಗನೇ ದೇವರೆಂದು ಹೇಳುವವರುಂಟು. ನಮ್ಮ ಸಿದ್ಧಾಂತವು ಅದನ್ನು ಒಪ್ಪದು. ಜೀವನು ಬೇರೆ, ಅವನೊಳಗಿದ್ದು ನಗಿಸುವ, ಆಡಿಸುವ ಬಿಂಬರೂಪಿಯು ಬೇರೆ. ಬಸ್ಸು ಸುರತ್ಕಲ್ಲಿಗೆ ಹೊರಟಾಗ ತಾಯಿ ಹಿಂದೆ ಉಳಿಯುವಳು. ಅವನು ಉಳಿಯನು, ಹುಡುಗನೊಡನೆಯೇ ಹೋಗುವನು. ಇಷ್ಟನ್ನು ನೆನೆದು ಆಡಿರಿ, ಆಡಿದ್ದನ್ನು ಕೃಷ್ಣಾರ್ಪಣವೆಂದು ಬಿಡಿರಿ ಎಂದೆವು. ಸಂಧ್ಯಾವಂದನೆಯ ಕಾಲ ಮೀರಬಾರದೆಂದು ಹುಡುಗನಿಗೂ ಹೇಳಿದೆವು. ಅವನು ತಲೆ ಕೆರೆದುಕೊಂಡನು.

ನವರಾತ್ರಿಯ ರಜೆಗೆ ಅವನು ಬಂದಿದ್ದಾನೆ. ಮೊನ್ನೆ ಗುಡಿಯಲ್ಲಿ ಸಿಕ್ಕ ತಾಯಿಯು, ಸಂಧ್ಯಾವಂದನೆಯಾದ ಮೇಲೆಯೇ ಆಟಕ್ಕೆ ಕುಳಿತೆವೆಂದು ನಮಗೆ ಒಪ್ಪಿಸಿದರು. ಮೊದಲ ಆಟದಲ್ಲಿ ಅವರೇ ಸೋತರಂತೆ. ಕಾಯಿ ಕದ್ದದ್ದನ್ನು ನೋಡಿಯೂ ಸುಮ್ಮನಿದ್ದೆ ಎಂದು ನಕ್ಕರು.